ಎರಡು ಕುದುರೆಯ ಬಂದೂಕು

ಅಮೆರಿಕದಲ್ಲಿ ದನ ಕಾಯುವವರ ಹೆಸರಿನ ಆಟವೊಂದಿದೆ, ಕೌಬಾಯ್ ಆಕ್ಷನ್ ಶೂಟಿಂಗ್ ಅಂತ. ಆಡುವವರಲ್ಲಿ ದನ ಕಾದವರು ಎಷ್ಟು ಮಂದಿ ಎಂಬುದನ್ನು ದನಗಳೇ ಹೇಳಬೇಕು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಆಟದಲ್ಲಿ ಟೋಪಿಯಿಂದ ಬೂಟಿನವರೆಗೆ ಹತ್ತೊಂಬತ್ತನೇ ಶತಮಾನದ ವೇಷ ತೊಡಬೇಕು, ಅದೇ ಕಾಲದ ಮಾದರಿಯ ಎರಡು ರಿವಾಲ್ವರ್, ಒಂದು ರೈಫಲ್, ಒಂದು ಚರೆ ಬಂದೂಕು ಇಟ್ಟುಕೊಳ್ಳಬೇಕು, ಉಕ್ಕಿನ ತಟ್ಟೆಗಳನ್ನು ಠಣ್ ಠಣ್ ಅನ್ನಿಸುತ್ತ ಗಡಿಯಾರದ ಜೊತೆ ಓಡಬೇಕು. ನಮ್ಮ ಕೂಡ್ಲಿಗಿ ಸೀಮೆಯಲ್ಲಿ ವೇಷವಿಲ್ಲದ ಅಸಲಿ ಕೌಬಾಯ್ ಇದ್ದಾನೆ. ಅವನು ಮ್ಯಾಸಬೇಡರ ದೇವರ ಎತ್ತುಗಳನ್ನು ಮೇಯಿಸುವ ಕಿಲಾರಿ. ಕೂಡ್ಲಿಗಿಯಲ್ಲೂ ಆಚೆ ಮೊಳಕಾಲ್ಮೂರು, ಚಳ್ಳಕೆರೆ ಕಡೆಗೂ ದೇವರಿಗೆ ಬಿಟ್ಟ ಈ ದನಗಳು ನೊಗ ಹೊರುವುದಿಲ್ಲ, ಸಂತೆಗೆ ಹೋಗುವುದಿಲ್ಲ. ಕಾಯುವವನ ಕೈಯಲ್ಲಿ ಕೋಲು, ಹೆಗಲ ಮೇಲೆ ಕಂಬಳಿ, ಅಷ್ಟೇ. ಇವನನ್ನೇ ಆ ಆಟಕ್ಕೆ ಇಳಿಸುವುದಾದರೆ ಕೈಗೆ ಯಾವ ಬಂದೂಕು ಕೊಡಬೇಕು? ನನ್ನ ವಾದ ಇಷ್ಟು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನ ನೆಲಕ್ಕೂ ಕಾಗದಪತ್ರಕ್ಕೂ ಒಗ್ಗುವುದು ಹೊರಗೆ ಎರಡು ಕುದುರೆ, ಕೆಳಗೆ ಎರಡು ಟ್ರಿಗರ್ ಇರುವ ಹಳೇ ಜೋಡುನಳಿಕೆ ಬಂದೂಕು. ಅಂಗಡಿಯಲ್ಲಿ ಇರುವುದರಲ್ಲೆಲ್ಲ ನಿಧಾನದ್ದು ಯಾವುದೋ ಅದು.

ಮೊದಲು ಕಾಗದಪತ್ರ, ಏಕೆಂದರೆ ನಮ್ಮಲ್ಲಿ ಬಂದೂಕಿಗೆ ಮದ್ದಿಗಿಂತ ಮೊದಲು ಬೇಕಾಗುವುದು ಅದೇ. ಕೌಬಾಯ್ ಒಬ್ಬನಿಗೆ ನಾಲ್ಕು ಆಯುಧ ಬೇಕು. ನಮ್ಮ ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಾಮಾನ್ಯ ಮನುಷ್ಯನಿಗೆ ಎರಡೇ. ಅಂದರೆ ಒಬ್ಬ ಪೂರ್ತಿ ಕೌಬಾಯ್ ಆಗಲು ನಮ್ಮ ಕಡೆಯ ಇಬ್ಬರು ಬೇಕು. ಗಂಡನ ಲೈಸೆನ್ಸಿನಲ್ಲಿ ಎರಡು, ಹೆಂಡತಿಯ ಲೈಸೆನ್ಸಿನಲ್ಲಿ ಎರಡು ಅಂತ ಲೆಕ್ಕ ಹಾಕಿದರೂ ಆಟದ ನಡುವೆ ಮನಸ್ತಾಪವಾದರೆ ಮೈದಾನ ಖಾಲಿ ಮಾಡಿಸಬೇಕಾದೀತು. ಆದ್ದರಿಂದ ಒಂದೇ ಬಂದೂಕು ಸಾಕು, ಅದೂ ಚರೆ ಬಂದೂಕು. 1959ರ ಮೂಲ ಕಾಯ್ದೆಯ 13ನೇ ಕಲಮಿನಲ್ಲೇ ಇದರ ಮೇಲೆ ಒಂದಿಷ್ಟು ಮಮತೆ ಕಾಣುತ್ತದೆ: ರಕ್ಷಣೆಗೋ ಕ್ರೀಡೆಗೋ ಬೇಕಾದ, ನಳಿಕೆಯ ಒಳಗೆ ಗೀರಿಲ್ಲದ, 20 ಅಂಗುಲಕ್ಕೆ ಕಡಿಮೆ ಇಲ್ಲದ ಬಂದೂಕಿನ ಹೆಸರು ಅಲ್ಲಿದೆ. ತಮಾಷೆಯೆಂದರೆ ಅಮೆರಿಕದ ಕುದುರೆಗಾಡಿ ಕಾವಲುಗಾರರ ಹೆಸರಿನಲ್ಲಿ ಇವತ್ತಿಗೂ ಮಾರುವ ‘ಕೋಚ್ ಗನ್’ ಸಾಮಾನ್ಯವಾಗಿ 20 ಅಂಗುಲದ್ದೇ. ದಿಲ್ಲಿಯ ಕಾಯ್ದೆಯೂ ಅಲ್ಲಿಯ ಗಾಡಿಯೂ ಒಂದೇ ಅಳತೆಪಟ್ಟಿ ಹಿಡಿದಂತಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ನಳಿಕೆಯನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡುವ ಯೋಚನೆ ಮಾತ್ರ ಬೇಡ, ಅದಕ್ಕೆ 6ನೇ ಕಲಮು ಬೇರೆಯೇ ಕಾದು ಕೂತಿದೆ. ಇನ್ನು ಹರಪನಹಳ್ಳಿಯವರ ಲೈಸೆನ್ಸು ಪುಸ್ತಕವನ್ನು ಪ್ರವಾಸಕಥನವೆಂದೇ ಓದಬೇಕು. ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಗೋಡೆಯ ಗೂಟ ಬಿಟ್ಟು ಕದಲದ ಬಂದೂಕಿಗೆ ಮೂರು ಸಲ ವರ್ಗಾವಣೆ. ಸರ್ಕಾರಿ ನೌಕರರಲ್ಲಿ ಇಷ್ಟು ಸುಮ್ಮನೆ ಹೋದವರು ಕಡಿಮೆ.

ಈಗ ಬಂದೂಕನ್ನೇ ಕೈಗೆ ತೆಗೆದುಕೊಳ್ಳೋಣ. ಹನ್ನೆರಡು ಬೋರು ಅಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದೂ ಹಿಡಿಯುವಷ್ಟು ಅಗಲದ ನಳಿಕೆ, ಸುಮಾರು 18.5 ಮಿಲಿಮೀಟರ್. ಹಾಗಾಗಿ ಅಂಕಿ ದೊಡ್ಡದಾದಷ್ಟೂ ಬಾಯಿ ಸಣ್ಣದು. ಇಪ್ಪತ್ತು ಬೋರು ಹನ್ನೆರಡಕ್ಕಿಂತ ಕಿರಿದು. ಎರಡು ನಳಿಕೆಗಳನ್ನು ಪಕ್ಕಪಕ್ಕ ಬೆಸೆದಿರುವುದನ್ನು ನೋಡಿದರೆ ಸರಿಸಮ ನೆಟ್ಟಗಿವೆ ಅನಿಸುತ್ತದೆ, ಆದರೆ ಅವು ಮುಂದೆ ಮುಂದೆ ಕೂದಲೆಳೆಯಷ್ಟು ಒಂದರ ಕಡೆಗೊಂದು ವಾಲಿರುತ್ತವೆ. ಎರಡರ ಚರೆಯೂ ಒಂದೇ ಗುರಿಗೆ ಬೀಳಲಿ ಅಂತ ಕಸುಬುದಾರ ಹಾಗೆ ಕೂಡಿಸಿರುತ್ತಾನೆ. ನೊಗಕ್ಕೆ ಹೂಡಿದ ಎಡಗೋಲು ಬಲಗೋಲು ಎತ್ತುಗಳು ಒಳಗೊಳಗೇ ಭುಜ ತಾಗಿಸಿಕೊಂಡು ನಡೆಯುವುದನ್ನು ಬಲ್ಲ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರಿಗರೂ ಹಾಗೇ, ಸಾಮಾನ್ಯವಾಗಿ ಮುಂದಿನದು ಬಲ ನಳಿಕೆಗೆ, ಹಿಂದಿನದು ಎಡಕ್ಕೆ. ಒಂದೇ ಟ್ರಿಗರಿನಲ್ಲಿ ಎರಡೂ ಹಾರುವ ಬಂದೂಕು ಇರುವಾಗ ಇದೇಕೆ, ಬೆರಳು ಜರುಗಿಸುವ ಹೊತ್ತು ದಂಡವಲ್ಲವೇ ಎಂದು ಹೊಸಬರು ಕೇಳುತ್ತಾರೆ. ಒಪ್ಪಿದೆ, ದಂಡವೇ. ಆದರೆ ಅಂಥ ಒಂಟಿ ಟ್ರಿಗರುಗಳಲ್ಲಿ ಬಹಳಷ್ಟು ಮೊದಲ ಈಡಿನ ಒದೆತದ ಬಲದಿಂದಲೇ ಎರಡನೆಯದಕ್ಕೆ ಸಜ್ಜಾಗುವಂಥವು. ಮೊದಲ ತೋಟೆ ಠುಸ್ಸೆಂದರೆ ಒದೆತವಿಲ್ಲ, ಒದೆತವಿಲ್ಲದಿದ್ದರೆ ಎರಡನೆಯದೂ ಇಲ್ಲ. ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆಯನ್ನು ಎಷ್ಟೋ ಮಳೆಗಾಲ ಟ್ರಂಕಿನ ತಳದಲ್ಲಿ, ಮದುವೆ ಸೀರೆಗಳ ಕೆಳಗೆ ಮಲಗಿಸಿಡುವ ಸೀಮೆಯಲ್ಲಿ ಮೊದಲನೆಯದರ ಮೇಲೆ ಅಷ್ಟೊಂದು ಭರವಸೆ ಇಡುವುದು ಜಾಣತನವಲ್ಲ. ಎರಡು ಟ್ರಿಗರ್ ಇದ್ದರೆ ಒಂದೇ ಕಟ್ಟಿಗೆಗೆ ಕಟ್ಟಿದ ಎರಡು ಬೇರೆ ಬೇರೆ ಬಂದೂಕು ಇದ್ದಂತೆ.

ಕುದುರೆಯ ಪ್ರಶ್ನೆಗೆ ಬಂದರೆ ನಮ್ಮ ಭಾಷೆಯೇ ನನ್ನ ಪಕ್ಷ ಹಿಡಿಯುತ್ತದೆ. ನಳಿಕೆಯ ಹಿಂದೆ ಕಿವಿಯ ಹಾಗೆ ಎದ್ದು, ಬಿದ್ದು, ತೋಟೆಗೆ ಕಿಡಿ ಮುಟ್ಟಿಸುವ ಸುತ್ತಿಗೆಗೆ ಕನ್ನಡದಲ್ಲಿ ಕುದುರೆ ಎಂದೇ ಹೆಸರು. ಕುದುರೆಯಿಲ್ಲದ ಕೌಬಾಯ್ ಉಂಟೇ? ನಮ್ಮ ಕಿಲಾರಿಗೆ ಸವಾರಿ ಕುದುರೆಯಂತೂ ಇಲ್ಲ, ಬಂದೂಕಿನ ಮೇಲಾದರೂ ಜೋಡಿ ಇರಲಿ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಎಂಬಿಬ್ಬರು ಕುದುರೆಗಳನ್ನು ಬಂದೂಕಿನ ಹೊಟ್ಟೆಯೊಳಗೆ ಕಟ್ಟಿಹಾಕುವ ಉಪಾಯ ಹೂಡಿದರು. ನಳಿಕೆ ಬಗ್ಗಿಸಿದರೆ ಸಾಕು, ಒಳಗೇ ಕುದುರೆ ಏರಿ ನಿಲ್ಲುತ್ತದೆ. ಗಡಿಯಾರದ ಆಟದಲ್ಲಿ ಇದರಿಂದ ಲಾಭವೇ, ಹೊರಕುದುರೆಯವನು ಪ್ರತಿ ಸಲ ಹೆಬ್ಬೆರಳಿನಿಂದ ಎರಡನ್ನೂ ಎಳೆಯುತ್ತ ಕೂರುತ್ತಾನೆ. ಆದರೆ ಒಳಗಿರುವ ಕುದುರೆ ಎದ್ದಿದೆಯೋ ಮಲಗಿದೆಯೋ ಎಂದು ಹೊರಗಿನವರಿಗೆ ಗೊತ್ತಾಗುವ ಬಗೆ ಹೇಗೆ? ಹೊರಗಿನದಾದರೆ ಪಡಸಾಲೆಯ ಆ ತುದಿಯಿಂದ ಅಜ್ಜಿ ಕೂಡ ನೋಡಿ, ‘ಅದನ್ನು ಇಳಿಸೋ, ಮಕ್ಕಳು ಓಡಾಡ್ತಾವೆ’ ಎನ್ನಬಲ್ಲಳು. ಯಾವ ಸೇಫ್ಟಿ ಗುಂಡಿಗೂ ಇಷ್ಟು ದೊಡ್ಡ ಬಾಯಿಲ್ಲ. ಇನ್ನು ಖಾಲಿ ತೋಟೆಯನ್ನು ಬಂದೂಕೇ ಆಚೆ ಎಸೆಯುವ ಎಜೆಕ್ಟರನ್ನು ಈ ಆಟದ ನಿಯಮವೇ ಒಪ್ಪುವುದಿಲ್ಲ. ಸನ್ನೆ ಬಲಕ್ಕೆ ತಳ್ಳಿದರೆ ನಳಿಕೆ ಬಗ್ಗುತ್ತದೆ, ಎರಡು ತೋಟೆಗಳ ಹಿತ್ತಾಳೆ ತಲೆ ಉಗುರಿನಷ್ಟು ಮೇಲೇಳುತ್ತದೆ, ಮದ್ದಿನ ಘಾಟು ಮೂಗಿಗೆ ಬರುತ್ತದೆ, ಆಮೇಲೆ ಕೈಯಿಂದ ಕಿತ್ತು ಹಾಕಬೇಕು. ಪಳಗಿದವರು ಬಂದೂಕನ್ನೇ ಹಿಂದಕ್ಕೆ ಒಮ್ಮೆ ಜಗ್ಗಿ ಎರಡೂ ಹೆಗಲಾಚೆ ಹಾರುವಂತೆ ಮಾಡುತ್ತಾರೆ. ಅದಕ್ಕಾಗಿ ನಳಿಕೆಯ ಒಳಬಾಯನ್ನು ಕನ್ನಡಿಯ ಹಾಗೆ ಉಜ್ಜಿಸಿರುತ್ತಾರೆ. ಒಳ್ಳೇ ಬಂದೂಕು ಆರಿಸುವುದೆಂದರೆ ಅರ್ಧ ಕೆಲಸ ಈ ಒಳಬಾಯಿ ನೋಡುವುದೇ. ಗೀರು, ತುಕ್ಕಿನ ಚುಕ್ಕಿ ಇದ್ದರೆ ತೋಟೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಕಿಲಾರಿ ಕೋಲಿನಿಂದ ತಿವಿಯುತ್ತ ನಿಲ್ಲುತ್ತಾನೆ.

ಎರಡೇ ಈಡು ಸಾಕೇ ಎನ್ನುವವರು ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೋಗಿ ಬರಲಿ. ಡೆಂಕನಮರಡಿಯಲ್ಲಿ ಗೊರವಯ್ಯ ಆಳೆತ್ತರ ಮೀರಿದ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷ ಜನ ಗಪ್‌ಚಿಪ್. ಒಂದೇ ವಾಕ್ಯದ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಧುಮುಕಿದರೆ ಮುಗಿಯಿತು. ಅದರ ಅರ್ಥ ಮಳೆಗೋ ರಾಜಕೀಯಕ್ಕೋ ಎಂದು ವರ್ಷವಿಡೀ ಜಗಳ. ಒಂದೇ ಈಡನ್ನು ಇಷ್ಟು ದೂರ ಒಯ್ಯುವ ಜನಕ್ಕೆ ಎರಡು ನಳಿಕೆ ದುಂದುವೆಚ್ಚವೇ ಸರಿ. ಹೊಡೆಯುವುದು ಯಾವುದಕ್ಕೆ ಎಂಬ ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಗುಡೇಕೋಟೆಯ ಕರಡಿ ಸೀತಾಫಲ ತಿನ್ನಲು ಹೊಲಕ್ಕೆ ಇಳಿದರೂ ಅದು ಸರ್ಕಾರಿ ಅತಿಥಿ. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರದ ಹಕ್ಕಿಗಳ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತು ಅಜ್ಜಂದಿರ ಕತೆಗೆ ಸೇರಿತು. ಸಾಲದ್ದಕ್ಕೆ ಕೂಡ್ಲಿಗಿ ಪಟ್ಟಣದಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ಅಲ್ಲಿ ಬಂದೂಕಿನ ಮಾತನ್ನು ಸ್ವಲ್ಪ ತಗ್ಗಿದ ದನಿಯಲ್ಲೇ ಆಡಬೇಕು. ಹಾಗಾದರೆ ಉಳಿಯುವುದು ಉಕ್ಕಿನ ತಟ್ಟೆಯೊಂದೇ, ಅಂದರೆ ಆ ಆಟಕ್ಕೆ ನಾವೇ ಹೆಚ್ಚು ಅರ್ಹರು.

ಅರ್ಹತೆಗೆ ಇನ್ನೊಂದು ಪುರಾವೆಯೂ ಇದೆ. ಆ ಆಟದಲ್ಲಿ ಪ್ರತಿ ಆಟಗಾರನೂ ಬೇರೆ ಯಾರಿಗೂ ಇಲ್ಲದ ಅಡ್ಡಹೆಸರು ನೋಂದಾಯಿಸಲೇಬೇಕು. ಕೊಟ್ಟೂರಿನಲ್ಲಿ ಇದು ನಿಯಮವಾಗುವ ಮೊದಲೇ ಅನಿವಾರ್ಯವಾಗಿತ್ತು. ತೇರಿನ ದಿನ ಕೊಟ್ರೇಶಾ ಎಂದು ಕೂಗಿದರೆ ಅರ್ಧ ಪೇಟೆ ತಿರುಗಿ ನೋಡುತ್ತದೆ, ಆದ್ದರಿಂದ ಮೀಟರ್ ಕೊಟ್ರೇಶ, ಮಂಡಕ್ಕಿ ಕೊಟ್ರೇಶ, ಸೈಕಲ್ ಶಾಪ್ ಕೊಟ್ರೇಶ ಎಲ್ಲ ತಯಾರಾಗಿಯೇ ಇದ್ದಾರೆ. ಇನ್ನು ಅಮೆರಿಕದಲ್ಲಿ ಗಾಡಿ ಹೊಡೆಯುವವನ ಪಕ್ಕದ ಜಾಗಕ್ಕೆ ಬಂದೂಕಿನ ಹೆಸರೇ ಅಂಟಿದೆ, ಕಾವಲುಗಾರ ಅಲ್ಲಿ ಕೂರುತ್ತಿದ್ದನಂತೆ. ನಮ್ಮ ಬಸ್ಸುಗಳಲ್ಲಿ ಆ ಸೀಟನ್ನು ಕಿಟಕಿಯಿಂದ ಎಸೆದ ಒಂದು ಟವೆಲ್ ಕಾಯುತ್ತದೆ, ಲೈಸೆನ್ಸೂ ಬೇಕಿಲ್ಲ.

ಕೊನೆಯ ಆಕ್ಷೇಪ: ಇಷ್ಟೆಲ್ಲ ಆರಿಸಿ ತಂದ ಬಂದೂಕು ಮನೆಯಲ್ಲಿ ಇರುವುದಾದರೂ ಎಷ್ಟು ದಿನ? ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಗೆ ಒಪ್ಪಿಸಿ ಎಂಬ ಆದೇಶ ಬರುತ್ತದೆ. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಇದಕ್ಕೂ ಜೋಡುನಳಿಕೆಯೇ ಉತ್ತರ. ಕೈಮರ ಕಳಚಿ ನಳಿಕೆ ಬಿಡಿಸಿದರೆ ಮೂರು ತುಂಡಾಗಿ ಜೋಳದ ಚೀಲದಲ್ಲಿ ಕೂರುತ್ತದೆ, ಬಸ್ಸಿನಲ್ಲಿ ಪಕ್ಕದವರಿಗೆ ತಿವಿಯುವುದಿಲ್ಲ. ಠಾಣೆಯಲ್ಲಿ ಅದಕ್ಕೆ, ಜೋಡುನಳಿಕೆಯ ಇಂಗ್ಲಿಷ್ ಸಂಕ್ಷೇಪದಲ್ಲಿ, ‘ಡಿಬಿಬಿಎಲ್ ಒಂದು’ ಎಂದು ಬರೆದ ಚೀಟಿ ಕಟ್ಟಿ ಮೂಲೆಗೆ ಒರಗಿಸುತ್ತಾರೆ. ಮತ ಎಣಿಕೆ ಮುಗಿದು ವಾಪಸು ತರಲು ಹೋಗುವ ಹೊತ್ತಿಗೆ ಚೀಟಿಯ ಶಾಯಿ ಮಾಸಿರುತ್ತದೆ, ಸಾಲಾಗಿ ನಿಂತ ಬಂದೂಕುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಆಗ ಬಾಗಿಲಲ್ಲೇ ನಿಂತು, ‘ಸಾಹೇಬ್ರೆ, ಅಕಾ ಅಲ್ಲಿ, ಎಡಗಡೆ ಕುದುರೆ ಕಿವಿ ಒಂಚೂರು ಮುಕ್ಕಾಗೇತಲ್ಲ, ಅದೇ ನಂದು’ ಎಂದು ಬೆರಳು ತೋರಿಸಬೇಕಾದರೆ ಕುದುರೆ ಹೊರಗೇ ಇರಬೇಕು.