ಉಸಿರಾಡಿ, ವರದಿ ಸಲ್ಲಿಸಿ

ಸರ್ಕಾರಿ ಶಾಲೆಯ ಮೇಷ್ಟ್ರು ಕೆಲಸದ ರಾಶಿ ಕಂಡು ಕಂಗಾಲಾಗಿದ್ದಾರೆ ಎಂಬ ಸುದ್ದಿ ಹೇಗೋ ಮೇಲಿನವರ ಕಿವಿಗೂ ಬಿದ್ದಿದೆ. ಪರಿಹಾರವೂ ಸಿದ್ಧ: ಒತ್ತಡ ನಿರ್ವಹಣಾ ಕಾರ್ಯಾಗಾರ. ಹಾಜರಾತಿ ಕಡ್ಡಾಯ, ತಪ್ಪಿಸಿಕೊಂಡವರಿಗೆ ಕಾರಣ ಕೇಳಿ ನೋಟಿಸ್. ಧ್ಯಾನ ಮಾಡುತ್ತಿರುವ ಫೋಟೋವನ್ನು ಸಂಜೆ 4ರೊಳಗೆ ವಾಟ್ಸಾಪ್ ಗುಂಪಿಗೆ ಹಾಕತಕ್ಕದ್ದು.

'ಕಣ್ಣು ಮುಚ್ಚಿ' ಅನ್ನುತ್ತಾರೆ ಸಂಪನ್ಮೂಲ ವ್ಯಕ್ತಿ. ಮುಚ್ಚಿದರೆ ಕಾಣುವುದು ಬಿಸಿಯೂಟದ ಮೊಟ್ಟೆ. ವಾರಕ್ಕೆ ಆರು ದಿನ ಮೊಟ್ಟೆ, ಸುತ್ತೋಲೆ ಕಟ್ಟಿದ್ದು ಒಂದಕ್ಕೆ 6 ರೂಪಾಯಿ. ಬೇಯಿಸುವ ಇಂಧನಕ್ಕೆ 50 ಪೈಸೆ, ಸಿಪ್ಪೆ ಸುಲಿಯಲು 30 ಪೈಸೆ ಎಲ್ಲ ಅದರೊಳಗೇ. ಅಂಗಡಿಯವನು ಈ ಸುತ್ತೋಲೆ ಓದಿಲ್ಲವಾದ್ದರಿಂದ, ಅವನು ರೇಟು ಏರಿಸಿದ ದಿನ ವ್ಯತ್ಯಾಸ ಮುಖ್ಯ ಶಿಕ್ಷಕರ ಜೇಬಿನಿಂದ. ಮಕ್ಕಳು ಮೊಟ್ಟೆ ತಿನ್ನಲಿ, ನೂರು ವರ್ಷ ತಿನ್ನಲಿ. ಆದರೆ ಸುಲಿಯುವ ಕೈಗೆ 30 ಪೈಸೆ ಕಟ್ಟಿದ ಲೆಕ್ಕಿಗರು, ಎಣಿಸಿ, ಬರೆದು, ಅಪ್‌ಲೋಡ್ ಮಾಡುವ ತಲೆಗೆ ಏನೂ ಕಟ್ಟಿಲ್ಲ. ತಲೆ ಪುಕ್ಕಟೆ. 'ಬೇಡದ ಯೋಚನೆ ಬಂದರೆ ಹೋಗಲು ಬಿಡಿ' ಅನ್ನುತ್ತಾರೆ ಸಂಪನ್ಮೂಲ ವ್ಯಕ್ತಿ. ಬಿಡಬಹುದಿತ್ತು, ರಸೀದಿ ಅಂಟಿಸಬೇಕಲ್ಲ.

ಹೊರೆಯ ಮಾತು ಬಂದರೆ 2025ರ ದಸರಾ ನೆನಪಿರಬೇಕು. ಮೈಸೂರಿನಲ್ಲಿ ಆನೆ ಅಭಿಮನ್ಯು ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. ಅವನಿಗೆ ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ವಾರಗಟ್ಟಲೆ ತಾಲೀಮು. ಜೊತೆಗೆ ಬೆಣ್ಣೆ, ಬೆಲ್ಲ, ಮಾವುತನ ಮುದ್ದು. ಮೆರವಣಿಗೆ ಮುಗಿದರೆ ಕಾಡಿನ ಶಿಬಿರಕ್ಕೆ ವಾಪಸ್. ಅದೇ ಹೊತ್ತಿಗೆ, ಸೆಪ್ಟೆಂಬರ್ 22ರಿಂದ, ಮೇಷ್ಟ್ರ ಬೆನ್ನಿಗೆ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಏರಿತು. 60 ಪ್ರಶ್ನೆ, ತೆರೆದುಕೊಳ್ಳದ ಆ್ಯಪ್, ಬಾರದ ಒಟಿಪಿ, ಬಾಗಿಲಲ್ಲಿ ನಾಯಿ. ಮಾಹಿತಿ ಕೊಡುವುದು ಬಿಡುವುದು ಜನರ ಇಷ್ಟ ಎಂದು ಹೈಕೋರ್ಟ್ ಹೇಳಿತು. ಕೇಳುವುದು ಬಿಡುವುದು ಯಾರ ಇಷ್ಟ ಎಂಬ ಪ್ರಶ್ನೆ ಆ 60ರಲ್ಲಿ ಇರಲಿಲ್ಲ. ಅಕ್ಟೋಬರ್ 7ಕ್ಕೆ ಮುಗಿಯಬೇಕಾದದ್ದು ಮುಗಿಯದೆ 18ರವರೆಗೆ ಶಾಲೆಗೆ ರಜೆ ವಿಸ್ತರಣೆಯಾಯಿತು. ಮಕ್ಕಳು ಕುಣಿದರು, ಮೇಷ್ಟ್ರು ಓಣಿ ಓಣಿ ಅಲೆದರು. ತಾಲೀಮಿನ ಬೆಣ್ಣೆಯ ಬಗ್ಗೆ ಆದೇಶ ಇನ್ನೂ ಬಂದಂತಿಲ್ಲ.

ಹಾಗೆ ನೋಡಿದರೆ ಮೇಷ್ಟ್ರ ಬೆನ್ನಿಗೆ ಏನು ಹೇರಬಹುದು ಎಂಬುದಕ್ಕೊಂದು ಕಾನೂನೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶಿಕ್ಷಕರನ್ನು ಪಾಠೇತರ ಕೆಲಸಕ್ಕೆ ಹಚ್ಚುವಂತಿಲ್ಲ. ಮೇಷ್ಟ್ರಿಗೆ ಇದು ಬಾಯಿಪಾಠ. ಬಿಇಒ ಕಚೇರಿಯ ಮೆಟ್ಟಿಲು ಹತ್ತಿದೊಡನೆ ಪಾಠ ಉಳಿಯುತ್ತದೆ, ಬಾಯಿ ಹೋಗುತ್ತದೆ.

ಕಾರ್ಯಾಗಾರದ ಕೊನೆಗೆ ಅಭಿಪ್ರಾಯದ ನಮೂನೆ ಬಂತು ಅನ್ನಿ. 'ನಿಮ್ಮ ಒತ್ತಡ ಕಡಿಮೆಯಾಯಿತೇ?' ಎರಡೇ ಉತ್ತರ: ಹೌದು, ಬಹಳಷ್ಟು. ಎಲ್ಲರೂ 'ಬಹಳಷ್ಟು' ಎಂದು ಗೀಚಿ ಬಸ್ಸಿನ ಕಡೆ ನೋಡುತ್ತಿರುವಾಗ ಹಿಂದಿನ ಬೆಂಚಿನಿಂದ ಟೀಚರಮ್ಮ ಒಬ್ಬರು ಎದ್ದು ನಿಲ್ಲುತ್ತಾರೆ.

'ಸಾರ್, ಧೈರ್ಯ ತಂದ್ಕೊಳ್ಳಿ ಅಂದ್ರಿ. ಈ ಕೆಲಸ ನಮ್ಮದಲ್ಲ ಅಂತ ಬರೆದು ಕೊಡೋಕೆ ಎಷ್ಟು ಉಸಿರು ಎಳ್ಕೋಬೇಕು?'

ಸಂಪನ್ಮೂಲ ವ್ಯಕ್ತಿ ಮೈಕು ಆರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ. 'ಮೇಡಂ, ನಾನೂ ಗಣಿತದ ಮೇಷ್ಟ್ರೇ. ಇಲ್ಲಿಗೆ ನಿಯೋಜನೆ ಮಾಡಿದ್ರು. ಆಗಲ್ಲ ಅನ್ನೋಕೆ ಆಗ್ಲಿಲ್ಲ.'