ಹಣ್ಣೆಲೆ ಬರೆದ ಹಣ್ಣೆಲೆ

ಮ್ಯಾಸಚೂಸೆಟ್ಸ್‌ನಲ್ಲಿರುವ ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದವನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಪಾತ್ರೆ ತೊಳೆಯಲು ಯಂತ್ರವಿದೆ, ಹರಟೆಗೆ ಜಗಲಿಯಿಲ್ಲ. ಅಕ್ಟೋಬರ್ ಬಂತು, ಬೀದಿಯ ಮೇಪಲ್ ಮರಗಳು ಕೆಂಪು, ಹಳದಿ ಉಟ್ಟು ಮದುವೆಗೆ ಹೊರಟಂತೆ ನಿಂತವು. ಇವನ್ನು ನೋಡಲೆಂದೇ ಜನ ಕಾರು ಹತ್ತಿ ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳಿಗೆ ಹೋಗುತ್ತಾರೆ. ಉದುರುವ ಎಲೆಗಾಗಿ ಪೆಟ್ರೋಲು ಸುಡುವವರನ್ನು ನಾನು ಕಂಡದ್ದು ಇಲ್ಲೇ. ನಮ್ಮಲ್ಲಿ ಎಲೆ ಉದುರಿದರೆ ಪೊರಕೆ ಹುಡುಕುತ್ತೇವೆ.

ನನಗೂ ಉಮೇದು ಬಂತು. ಮೈಸೂರಿನ ಅಕ್ಕನಿಗೆ ದೀಪಾವಳಿಗೆ ಕೈಯಾರೆ ಎಲೆ ಬರೆದ ಕಾರ್ಡು ಕಳಿಸೋಣವೆಂದು ಮೊಮ್ಮಗಳ ಬಣ್ಣದ ಡಬ್ಬಿಗೆ ಕೈ ಹಾಕಿದೆ.

'ಶರತ್ಕಾಲದ ಎಲೆಗಳು' ಎಂದು ಮೇಲೆ ಬರೆಯಹೊರಟಾಗಲೇ ಪೆನ್ನು ನಿಂತಿತು. ನಮ್ಮ ಶರದೃತುವೆಂದರೆ ಆಶ್ವೀಜ, ಕಾರ್ತಿಕ: ಬೊಂಬೆ, ಬನ್ನಿ, ಬೆಳದಿಂಗಳು. ಆಗ ಉದುರುವುದೇನಿದ್ದರೂ ಜೇಬಿನ ದುಡ್ಡು. ಎಲೆ ಉದುರಲು ಶಿಶಿರ ಬರಬೇಕು, ಯುಗಾದಿ ಹತ್ತಿರವಾಗಬೇಕು. 'ದೀಪಾವಳಿಯ ಶುಭಾಶಯಗಳು' ಎಂದಷ್ಟೇ ಬರೆದು ಪಾರಾದೆ.

ಪಕ್ಕದಲ್ಲಿ ಕೂತ ಮೊಮ್ಮಗಳು ಪಾಠ ಶುರು ಮಾಡಿದಳು. ಹಗಲು ಗಿಡ್ಡವಾಗಿ ಚಳಿ ಬಿದ್ದಾಗ ಎಲೆಯ ಕ್ಲೋರೋಫಿಲ್ ಒಡೆದುಹೋಗುತ್ತದಂತೆ. ಹಳದಿ ಮೊದಲಿನಿಂದಲೂ ಒಳಗೇ ಇದ್ದದ್ದು, ಹಸಿರು ಹೋದ ಮೇಲೆ ಮುಖ ತೋರಿಸುತ್ತದೆ. ಕೆಂಪನ್ನು ಮಾತ್ರ ಎಲೆ ಉದುರುವ ಮುಂಚೆ ಹೊಸದಾಗಿ ತಯಾರಿಸಿಕೊಳ್ಳುತ್ತದಂತೆ. (ನಿವೃತ್ತಿಯಾದ ಮೇಲೆ ತಲೆಗೆ ಬಣ್ಣ ಹಚ್ಚಲು ಶುರು ಮಾಡಿದ ನನಗೆ ಇದು ತಕ್ಷಣ ಅರ್ಥವಾಯಿತು.)

ಹಳದಿ ಬಳಿದೆ. ಅದು ಆರುವ ಮುಂಚೆಯೇ ಅಂಚಿಗೆ ಒಂದು ಹನಿ ಕೆಂಪು ಬಿಟ್ಟೆ. ಎರಡೂ ಒದ್ದೆಯಲ್ಲಿ ತಾವಾಗಿಯೇ ಬೆರೆತು ಕಿತ್ತಳೆಯಾಗಿ ಹಬ್ಬಿದಾಗ ಮೈ ಜುಮ್ಮೆಂದಿತು. ಅಲ್ಲಿಗೇ ಬ್ರಷ್ಷು ಕೆಳಗಿಡಬೇಕಿತ್ತು. ತೊಟ್ಟಿನ ಹತ್ತಿರ ಚೂರು ಹಸಿರಿರಲಿ ಎಂಬ ದುರಾಸೆ! ಕೆಂಪಿಗೆ ಹಸಿರು ಸೇರಿದರೆ ಏನಾಗುತ್ತದೆಂದು ಚಿತ್ರಗಾರರಿಗೆಲ್ಲ ಗೊತ್ತು. ನನಗೆ ಅಂದು ಗೊತ್ತಾಯಿತು: ಸಗಣಿ.

ಇನ್ನೊಂದು ಹಾಳೆ ತೆಗೆದೆ. ಮುಂದೆ ಮೇಪಲ್ ಎಲೆಯನ್ನೇ ಇಟ್ಟುಕೊಂಡು ಗೆರೆ ಎಳೆದರೂ ಅದು ಹರಳೆಲೆಯಾಯಿತು. ಮುಂದಿನದು ಪರಂಗಿ ಎಲೆ. 68 ವರ್ಷ ಹಿತ್ತಲಲ್ಲಿ ನೋಡಿದ್ದನ್ನು ಬಿಟ್ಟು ಬೇರೆಯದನ್ನು ಬರೆಯಲು ಕೈ ಒಪ್ಪಲಿಲ್ಲ. "ತಾತ, ಇದು ಎಲೆನಾ, ಕಪ್ಪೆ ಕಾಲಾ?" ಎಂದು ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಂಬ ಗಾದೆ ಗೊತ್ತಿತ್ತು. ಹಣ್ಣೆಲೆ ಚಿತ್ರ ಬರೆಯಲು ಕೂತರೂ ನಗುತ್ತದೆಂದು ಗೊತ್ತಿರಲಿಲ್ಲ. ಏಳನೆಯ ಹಾಳೆಯಲ್ಲಿ ಮೂಡಿದ್ದನ್ನು ಮೇಪಲ್ ಎಂದು ನಾವಿಬ್ಬರೂ ರಾಜಿಯಾಗಿ ಒಪ್ಪಿ ಅಂಚೆಗೆ ಹಾಕಿದೆವು.

ದೀಪಾವಳಿಯ ಕಾರ್ಡು ತುಳಸಿ ಹಬ್ಬ ಕಳೆದ ಮೇಲೆ ಮುಟ್ಟಿತು. ಅಕ್ಕ ಅಂದೇ ಫೋನು ಮಾಡಿದಳು.

"ಹಾಗಲ ಎಲೆ ಬಹಳ ಚೆನ್ನಾಗಿ ಬಂದಿದೆ ಕಣೋ. ಎರಡು ಕಾಯೀನೂ ಬರೆಯೋದಲ್ವಾ?"