ನಿಬ್ಬು ಮಾಷ್ಟ್ರು

ಬಂಟ್ವಾಳದಿಂದ ಸಿದ್ಧಕಟ್ಟೆ ಮೇಲಾಗಿ ಮೂಡುಬಿದಿರೆಗೋ, ಅಲ್ಲಿಂದ ವೇಣೂರು ದಾಟಿ ಬೆಳ್ತಂಗಡಿಗೋ ಹೋಗುವ ಬಸ್ಸಿನಲ್ಲಿ ಕಿಸೆಗೆ ಮೂರು ಪೆನ್ನು ಸಿಕ್ಕಿಸಿಕೊಂಡ ಹಿರಿಯರು ಕಂಡರೆ ಅವರೇ ನಿಬ್ಬು ಮಾಷ್ಟ್ರು. ಪಾಠ ಮಾಡಿದವರೇ ಆಗಬೇಕೆಂದಿಲ್ಲ. ದಸ್ತಾವೇಜು ಬರೆಯುವವರೂ ಸೊಸೈಟಿಯ ಮಾಜಿ ಗುಮಾಸ್ತರೂ ಈ ಪಂಗಡದಲ್ಲಿದ್ದಾರೆ. ಅಂಗಿ ಬಿಳಿ, ಕಿಸೆಯ ಬುಡ ನೀಲಿ, ನಡುಬೆರಳು ಯಾವ ಸಾಬೂನಿಗೂ ಬಗ್ಗದ ನೀಲಿ.

ಅವರಲ್ಲಿ ಯಾವ ಪೆನ್ನೂ ಅಂಗಡಿಯಿಂದ ಬಂದ ಹಾಗೆ ಉಳಿದಿಲ್ಲ. ಕ್ಯಾಮ್ಲಿನ್ನಿನ ನಿಬ್ಬು ವಿಲ್ಸನ್ನಿನಲ್ಲಿ, ವಿಲ್ಸನ್ನಿನದ್ದು ಏರ್‌ಮೇಲಿನಲ್ಲಿ. ಹೀರೋ ಪೆನ್ನಿನ ಮೇಲೆ ಮಾತ್ರ ಸಿಟ್ಟು. ಅದರ ನಿಬ್ಬು ಕವಚದೊಳಗೆ ಹುದುಗಿ ತುದಿಯಷ್ಟೇ ಹೊರಗೆ ಕಾಣುವುದರಿಂದ ಬೇರೆಯದನ್ನು ಅಲ್ಲಿ ಕೂರಿಸಲಾಗದು. “ನಾಲ್ಕು ಜನರೊಟ್ಟಿಗೆ ಬೆರೆಯದ ಪೆನ್ನು ಮಾರಾಯ್ರೆ ಅದು!”

ಯಾಕೆ ಈ ಅದಲುಬದಲು ಎಂದು ಕೇಳಿದಿರೋ, ವೇದಾಂತ ಶುರು. ಪೆನ್ನಿನ ಕೊಳವೆ ಬಿರಿಯುತ್ತದೆ, ತಿರುಪು ಸವೆಯುತ್ತದೆ, ಮುಚ್ಚಳ ಕಾಣೆಯಾಗುತ್ತದೆ. ನಿಬ್ಬಿನ ತುದಿಯ ಇರಿಡಿಯಂ ಗುಂಡು ಮಾತ್ರ ವರ್ಷಗಟ್ಟಲೆ ಉಜ್ಜಿ ಉಜ್ಜಿ ಬರೆಯುವವನ ಕೈಯ ಓರೆಗೆ ಪಳಗುತ್ತದೆ. ಹಾಗಾಗಿ ಆತ್ಮ ಹಳೆಯ ದೇಹ ಬಿಟ್ಟು ಹೊಸದನ್ನು ಹೊಗುವಂತೆ ನಿಬ್ಬೂ ಹೊಗಬೇಕು. ಮಾತಿನಲ್ಲಿ ಹುರುಳಿದೆ, ಒಪ್ಪೋಣ. ಆದರೆ ಆತ್ಮಕ್ಕೆ ವಾರಕ್ಕೊಂದು ಜನ್ಮ ಯಾವ ಶಾಸ್ತ್ರದಲ್ಲಿ ಉಂಟು?

ಶಸ್ತ್ರಚಿಕಿತ್ಸೆ ಮಧ್ಯಾಹ್ನದ ಊಟದ ಮೇಲೆ, ಜಗಲಿಯಲ್ಲಿ. ಲೋಟದಲ್ಲಿ ಉಗುರುಬೆಚ್ಚಗಿನ ನೀರು, ಹಳೆ ಪಂಚೆಯ ತುಂಡು. ನಿಬ್ಬನ್ನೂ ಅದರಡಿಯ ನಾಲಗೆಯನ್ನೂ ಒಟ್ಟಿಗೆ ಹಿಡಿದು, ತಿರುಚದೆ, ನೇರ ಎಳೆಯಬೇಕು. ಮತ್ತೆ ಕೂರಿಸುವಾಗ ಇವೆರಡರ ನಡುವೆ ಸಂದು ಉಳಿದರೆ ಶಾಯಿ ಇಳಿಯದು. ಸಡಿಲವಾದರೆ ಮುಚ್ಚಳದೊಳಗೇ ಕಾರಿಕೊಳ್ಳುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಮಿಕ್ಸಿ ಕೂಡ ತಿರುಗುವ ಹಾಗಿಲ್ಲ. “ಅದೇ ಲೋಟದಲ್ಲಿ ನಾಳೆ ನಿಮಗೆ ಕಾಫಿ,” ಎಂದು ಹೆಂಡತಿ ಒಳಗಿಂದಲೇ ತೀರ್ಪು ಕೊಡುತ್ತಾರೆ.

ಋತುಮಾನವೂ ಉಂಟು. ಆಟಿಯ ಮಳೆಗೆ ಕಾಗದ ಥಂಡಿ ಹಿಡಿದು ಅಕ್ಷರ ಹರಡುತ್ತದೆಂದು ಸಪೂರ ನಿಬ್ಬು; ಬೇಸಗೆಗೆ ದಪ್ಪದ್ದು.

ಬಾಲ್ ಪೆನ್ನಿನ ಸುದ್ದಿ ಎತ್ತಿದರೆ ಕೆಟ್ಟಿರಿ. “ನಮ್ಮ ಬಂಟ್ವಾಳದ ಪಂಜೆ ಮಂಗೇಶರಾಯರು ಅದರಲ್ಲಿ ಬರೆದವರಾ?” ಎಂದು ಗುಡುಗುತ್ತಾರೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಬಿರೋ ಎಂಬಾತ ಬಾಲ್ ಪೆನ್ನಿಗೆ ಪೇಟೆಂಟ್ ಪಡೆದದ್ದು 1938ರಲ್ಲಿ ಎಂದು ಯಾರೋ ಓದಿದವರು ತಿಳಿಸಿದರು. ಮಾಷ್ಟ್ರು ಕೈಮುಗಿದರು: “ಒಂದೇ ವರ್ಷದಲ್ಲಿ ತಪ್ಪಿಸಿಕೊಂಡರು ನೋಡಿ, ಪುಣ್ಯವಂತರು!”

ಇಷ್ಟು ಪಳಗಿದ ನಿಬ್ಬಿನಿಂದ ದಿನವೂ ಬರೆಯುವುದು ಏನು? ಹಾಲಿನ ಲೆಕ್ಕ, ಅಡಿಕೆಯ ಧಾರಣೆ. ಉಳಿದಂತೆ ಮದುವೆ ಕಾಗದಗಳ ಹಿಂಬದಿ ತುಂಬ ‘ಶ್ರೀ, ಶ್ರೀ, ಶ್ರೀ’: ನಿಬ್ಬು ಓಡುತ್ತದೋ ಎಂದು ನೋಡಲಿಕ್ಕೆ. ಸೊಸೈಟಿಯಲ್ಲಿ ಚಲನ್ ತುಂಬುವಾಗ ಗತ್ತಿನಿಂದ ಮುಚ್ಚಳ ತಿರುಗಿಸುತ್ತಾರೆ. ಕೌಂಟರಿನ ಹುಡುಗಿ ಮೆಲ್ಲಗೆ, “ಮಾಷ್ಟ್ರೇ, ಒತ್ತಿ ಬರೀಬೇಕು, ಅಡಿಗೆ ಕಾರ್ಬನ್ ಉಂಟು,” ಎನ್ನುತ್ತಾಳೆ. ಆಗ ಮೂರು ಪೆನ್ನೂ ಕಿಸೆಯಲ್ಲಿರುವಂತೆಯೇ ಮಾಷ್ಟ್ರು ನೂಲಿನಲ್ಲಿ ಕಟ್ಟಿಟ್ಟ ಬಾಲ್ ಪೆನ್ನಿಗೆ ಕೈ ಚಾಚುತ್ತಾರೆ, ಆಚೀಚೆ ನೋಡಿ.

ನಿಮ್ಮಲ್ಲಿ ಚೆನ್ನಾಗಿ ಓಡುವ ಶಾಯಿ ಪೆನ್ನು ಇದ್ದರೆ ಒಂದು ಕಿವಿಮಾತು: ಆ ಬಸ್ಸಿನಲ್ಲಿ ಅದನ್ನು ಕಿಸೆಯಿಂದ ಹೊರಗೆ ತೆಗೆಯಬೇಡಿ. “ಎಲ್ಲಿ, ಒಮ್ಮೆ ಕೊಡಿ ನೋಡುವ,” ಎಂದು ಅವರು ಕೇಳಿದರೆ ಇಳಿಯುವ ಸ್ಟಾಪ್ ಬಂತೆಂದು ಎದ್ದುಬಿಡಿ.